ಚಳಿಗೆ ಹಿಡಿಯದ ಅಂಟು

ಮಲ್ಲಯ್ಯ ಹಿಡಿದು ಅಲುಗಾಡಿಸಿದ ಕೂಡಲೇ ಹೊರಗಿನ ಮೆಟ್ಟಿಲ ಪಕ್ಕದ ಕಟ್ಟಿಗೆಯ ಕೈಹಿಡಿಯ ಒಂದು ತುದಿ ಕಿತ್ತು ಬಂತು. ಬಳ್ಳಾರಿಯಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ಹೆಂಡತಿ ಹಂಪಕ್ಕ ನಾಳೆ ಅದನ್ನೇ ಹಿಡಿದು ಕುರುಗೋಡಿನ ಈ ಮನೆಯ ಮೆಟ್ಟಿಲು ಹತ್ತಬೇಕಿತ್ತು. ಮೂವತ್ತು ವರ್ಷದ ಬಡಗಿ ಕೆಲಸದಲ್ಲಿ ಅವನಿಗೆ ಹೀಗೆಂದೂ ಆಗಿರಲಿಲ್ಲ.

ಸೊಸೆ ಮೇಘಾ ಬಿಟ್ಟುಕೊಂಡ ಜಾಗವನ್ನು ಉಗುರಿನಿಂದ ಕೆರೆದಳು. ಅಂಟು ಸುಣ್ಣದ ಪುಡಿಯಂತೆ ಉದುರಿತು. “ಆ ಕಡೀ ತುದಿ ಗಟ್ಟಿ ಐತಲ್ರಿ ಮಾವಾರ. ಇದನ್ನ ಯಾವಾಗ ಹಚ್ಚಿದ್ರಿ?”

“ಅದನ್ನ ನಿನ್ನೆ ಬಿಸಲಾಗ ಹಚ್ಚಿದ್ದೆ. ಇದನ್ನ ಇವತ್ತ ನಸುಕಿನ್ಯಾಗ. ಡಬ್ಬಿ ಒಂದ, ಕೈನೂ ಒಂದ!”

ಮೇಘಾ ಡಬ್ಬಿ ತಿರುಗಿಸಿ ಓದಿದಳು. “ಚಳಿಯಾಗ ಹಚ್ಚಬ್ಯಾಡ್ರಿ, ಮಳಿ ಬೀಳೋ ಕಡಿ ಬ್ಯಾಡ್ರಿ ಅಂತ ಬರದಾರ. ನೀವು ನೋಡಿಲ್ಲೇನ್ರಿ?”

ಮಲ್ಲಯ್ಯ ಬೈಕಿನ ಕೀಲಿ ಎತ್ತಿಕೊಂಡ. “ನೀನೂ ಬಾರವ್ವ.”

ಬಳ್ಳಾರಿಯ ಕೌಲ್ ಬಜಾರಿನ ಅಂಗಡಿಯವನು ಮೂರು ಬಗೆಯ ಅಂಟು ತಂದಿಟ್ಟು, “ಯಾವುದು ಬೇಕು ನೋಡ್ರಿ ಮೇಸ್ತ್ರಿ” ಎಂದ. ಮಲ್ಲಯ್ಯ ಒಂದೊಂದನ್ನೂ ತಿರುಗಿಸಿ ನೋಡಿದ. ಆಮೇಲೆ ಮೂರನ್ನೂ ಸೊಸೆಯ ಮುಂದೆ ಸರಿಸಿ, ಸುತ್ತ ನಿಂತ ಗಿರಾಕಿಗಳಿಗೂ ಕೇಳುವಂತೆ ಹೇಳಿದ: “ನನಗ ಓದಾಕ ಬರಂಗಿಲ್ಲವ್ವ. ಚಳಿ, ನೀರು ಎರಡೂ ತಡಿಯೋದು ಇದರಾಗ ಯಾವುದು, ನೀನ ಓದಿ ಹೇಳು.”