ಅಂಗಳಕ್ಕೆ ಬಂದ ಹಿರಿಯರು

"ಯಾವ ಬಸ್ಸಿಗೆ ಹೋಗ್ತೀರಿ?" ಅಮೋಕೆ ಕೇಳಿದಳು. ಗಂಡ ಲಾಯಿವೊಲಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಬಿದ್ದ. ಎಂದಿನಂತೆ ಎಡಗಾಲನ್ನು ತುಸು ಎಳೆಯುತ್ತ ಓಣಿಯ ತಿರುವಿನಲ್ಲಿ ಮರೆಯಾದ.

ಪ್ರತಿ ವರ್ಷವೂ ಇದೇ ಕಥೆ. ಎಗುನ್‌ಗುನ್ ಹಬ್ಬಕ್ಕೆಂದು, ಹಿರಿಯರ ವೇಷ ಮನೆಮನೆಗೆ ಬರುವುದನ್ನು ನೋಡಲೆಂದು, ಎಲ್ಲರೂ ಊರಿಗೆ ಮರಳುವ ದಿನವೇ ಅವಳ ಗಂಡನಿಗೆ ಇಬಾದಾನ್ ಪಟ್ಟಣದಲ್ಲಿ ಕೆಲಸ.

"ಯಾರಮ್ಮ ಅವನಿಗೆ ಆ ಕೆಲಸ ಕೊಡೋಳು?" ಅಲಸಂದೆ ವಡೆ ಕರಿಯುತ್ತ ಪಕ್ಕದ ಮನೆಯ ಮೊರಾಯೊ ಕೇಳಿದಳು. 'ಕೊಡೋಳು' ಎಂಬುದನ್ನು ಒತ್ತಿಯೇ ಹೇಳಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಾಗದ ಅಮೋಕೆಗೆ ಆ ಮಾತು ಕಾದ ಎಣ್ಣೆ ಸಿಡಿದಂತಾಯಿತು.

ಮಧ್ಯಾಹ್ನ ಡೋಲಿನ ಸದ್ದು ಹತ್ತಿರವಾಯಿತು. ವೇಷ ನೇರ ಅವರ ಅಂಗಳಕ್ಕೇ ಬಂತು. ತಲೆಯಿಂದ ನೆಲದವರೆಗೆ ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳು. ಮುಖ ಇರಬೇಕಾದಲ್ಲಿ ದಾರದ ಜಾಲರಿ. ಒಳಗೆ ಯಾರೆಂದು ಹೆಂಗಸರು ಕೇಳುವಂತಿಲ್ಲ. ಬಂದಿರುವವರು ಆ ಮನೆಯ ತೀರಿಹೋದ ಹಿರಿಯರು, ಅಷ್ಟೇ.

ಅಮೋಕೆ ಮಂಡಿಯೂರಿದಳು. ತಗ್ಗಿಸಿದ ಕಣ್ಣು ನೆಲದ ಮೇಲಿತ್ತು. ವೇಷದ ಅಂಚು ಒಂದು ಬದಿಯಲ್ಲಿ ಮಾತ್ರ ಧೂಳನ್ನು ಗೀರುತ್ತಿತ್ತು. ಎಡಗಾಲು!

ಎದೆಯ ಭಾರವೆಲ್ಲ ಒಮ್ಮೆಗೇ ಇಳಿಯಿತು. ಇಬಾದಾನೂ ಇಲ್ಲ, ಯಾವಳೂ ಇಲ್ಲ. ಪಾಪ, ವೇಷದ ಗುಟ್ಟು ಕಾಯಲು ಇಷ್ಟು ವರ್ಷ ಸುಳ್ಳು ಹೇಳಿದ್ದಾನೆ.

"ಹಿರಿಯರೇ," ಎಂದಳು ನಗು ತಡೆದುಕೊಂಡು, "ನಮ್ಮ ಯಜಮಾನರು ದೂರ ಹೋಗಿದಾರೆ. ಅವರ ಕಾಲಿಗೆ ನೋವಾಗದ ಹಾಗೆ ನೋಡ್ಕೊಳ್ಳಿ."

ವೇಷ ಗೊಗ್ಗರು ದನಿಯಲ್ಲಿ ಹರಸಿತು. "ಈ ಮನೆಗೆ ಮಗು ಬರುತ್ತೆ, ಮಗಳೇ."

ಅವಳ ಕೆನ್ನೆ ಬಿಸಿಯಾಯಿತು. ಪಕ್ಕದಲ್ಲಿ ಅತ್ತೆ ಬಿಕ್ಕತೊಡಗಿದರು. "ನಿನ್ನ ಮಾವ ಹೀಗೇ ಕಾಲೆಳೀತಾ ನಡೀತಿದ್ರು ಕಣೇ. ಮಗನಿಗೂ ಅದೇ ನಡಿಗೆ ಬಂತು. ಅವರೇ ಬಂದಿದಾರೆ, ನೋಡು!"

ಹೆತ್ತವಳಿಗೇ ಮಗನ ಗುರುತು ಹತ್ತಲಿಲ್ಲವಲ್ಲ ಎಂದು ಅಮೋಕೆಗೆ ಮರುಕ ಹುಟ್ಟಿತು. ಸಂಜೆ ಅವನು 'ಇಬಾದಾನಿನಿಂದ' ಬಂದಾಗ ಏನೂ ಕೇಳಬಾರದು. ಕಾಲಿಗೆ ಬಿಸಿನೀರು ಕಾಯಿಸಿಡಬೇಕು, ಅಷ್ಟೇ.

ಡೋಲಿನ ಗತಿ ಏರಿತು. ವೇಷ ಗಿರಗಿರನೆ ಸುತ್ತಿತು, ಪಟ್ಟಿಗಳು ಗಾಳಿಯಲ್ಲಿ ಹಾರಿದವು. ಬೇಲಿಯಾಚೆ ಬಾಡಿಗೆ ಬೈಕೊಂದು ಬಂದು ನಿಂತಿತು. ಜನ ದಾರಿ ಬಿಟ್ಟರು.

ಲಾಯಿವೊಲಾ ಒಳಗೆ ಬಂದು, ತೋಳಿನಲ್ಲಿದ್ದ ಪುಟ್ಟ ಮಗುವನ್ನು ವೇಷದ ಮುಂದೆ ಎತ್ತಿ ಹಿಡಿದ. "ಅಪ್ಪಾ, ಇವನು ನಿಮ್ಮ ಮೊಮ್ಮಗ."