ಪಕ್ಕೆಲುಬಿನ ಪೊರೆ

ಎರಡನೆಯ ಪಕ್ಕೆಯೂ ಹಾಳಾದಾಗ ಧನುಶ್ರೀ ಚಾಕುವನ್ನು ಕಲ್ಲಿನ ಮೇಲೆ ಬಿಸಾಡಿ, ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು. ಬೆಳಿಗ್ಗೆ ಗಂಡ ನಿಂಗರಾಜು ಕೊಳ್ಳೇಗಾಲದಿಂದ ತಂದುಕೊಟ್ಟು ಹೋಗಿದ್ದು ಮೂರೇ ಪಕ್ಕೆ. ಹಂದಿಯ ಪಕ್ಕೆಲುಬಿನ ಒಳಮೈಗೆ ಒಂದು ತೆಳ್ಳನೆಯ ಪೊರೆ ಅಂಟಿಕೊಂಡಿರುತ್ತದೆ. ಅದನ್ನು ಸುಲಿಯದೆ ಕೆಂಡದ ಮೇಲಿಟ್ಟರೆ ಮಸಾಲೆ ಆ ಕಡೆಯಿಂದ ಇಳಿಯುವುದಿಲ್ಲ. ತಿನ್ನುವವರ ಹಲ್ಲಿಗೆ ಪೊರೆ ಚಪ್ಪಲಿಯ ಬಾರಿನಂತೆ ಸಿಗುತ್ತದೆ. ಮೊದಲನೆಯದರಲ್ಲಿ ಅದು ಚೂರು ಚೂರಾಗಿ ಹರಿದು ಅಲ್ಲಲ್ಲೇ ಕಚ್ಚಿಕೊಂಡಿತ್ತು. ಎರಡನೆಯದರಲ್ಲಿ ಚಾಕು ಆಳಕ್ಕಿಳಿದು ಮಾಂಸವೇ ಮೂಳೆ ಬಿಟ್ಟು ಕಿತ್ತು ಬಂದಿತ್ತು.

ನಾಲ್ಕು ಗಂಟೆಗೆ ಗುರುಪ್ರಕಾಶ್ ಬರುವವರಿದ್ದರು. ಬಿಳಿಗಿರಿರಂಗನ ಬೆಟ್ಟದ ರಸ್ತೆಯಲ್ಲಿ ಅವರದೊಂದು ಹೋಂಸ್ಟೇ. ಸ್ವತಃ ಮಾಂಸ ಮುಟ್ಟಿದವರಲ್ಲ, ಆದರೆ ಅತಿಥಿಗಳಿಗೆ ಬಾರ್ಬೆಕ್ಯೂ ಇಲ್ಲದಿದ್ದರೆ ಬೆಟ್ಟಕ್ಕೆ ಬಂದಂತೆಯೇ ಆಗುವುದಿಲ್ಲವಂತೆ. "ನಾನು ತಿನ್ನಲ್ಲ ಕಣಮ್ಮ, ನೋಡ್ತೀನಿ. ಮಸಾಲೆ ಹಚ್ಚಕ್ಕೆ ಮುಂಚೆ ಹಿಂದುಗಡೆ ತಿರುಗ್ಸಿ ತೋರ್ಸು. ಹಳೇ ಅಡುಗೆಯವನು ಪೊರೆ ತೆಗೀದೆ ಸುಟ್ಟು ನನ್ನ ಮಾನ ಕಳ್ದ" ಎಂದು ಮೊದಲೇ ಹೇಳಿದ್ದರು. ಒಪ್ಪಿಬಿಟ್ಟರೆ ವಾರವಾರವೂ ಅಲ್ಲಿಯ ಕೆಲಸ ಧನುಶ್ರೀಯದು. ಯಳಂದೂರಿನ ರಸ್ತೆಬದಿಯಲ್ಲಿ ಲಾರಿಗಳ ಧೂಳು ಕುಡಿಯುತ್ತ ಬಾಣಲೆ ತಿರುವುವುದು ತಪ್ಪಿ, ಸೂರಿರುವ ಒಂದು ಅಡುಗೆಮನೆ ಅವಳ ಕೈಗೆ ಬರುತ್ತಿತ್ತು.

ಹಿತ್ತಲ ಹೊಂಗೆಮರದ ಕೆಳಗೆ, ಕೊಂಚ ದೂರದಲ್ಲಿ, ಅತ್ತೆ ಮಹಾಲಕ್ಷ್ಮಮ್ಮ ಖಾಲಿ ರೇಷನ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಮನೆಯಲ್ಲಿ ಹಂದಿ ಮಾಂಸ ಹೊಸ್ತಿಲು ದಾಟುವಂತಿಲ್ಲ. ಹಿತ್ತಲಲ್ಲೇ ತೊಳೆದು, ಹಿತ್ತಲಲ್ಲೇ ಬೇಯಿಸಿ, ಹಿತ್ತಲಲ್ಲೇ ತಿಂದು ಮುಗಿಸಬೇಕು. ಮುದುಕಿಯಂತೂ ಅದನ್ನು ತಿನ್ನುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೆಳಿಗ್ಗೆ ರೇಷನ್ ಅಂಗಡಿಯ ಮಿಶನ್ನು ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಹತ್ತೂ ಬೆರಳು ಒತ್ತಿಸಿ ನೋಡಿ, ಮನೆಯವರನ್ನು ಕಳಿಸು ಅಂದರಂತೆ. ಒಣಮೆಣಸಿನಕಾಯಿ, ಹುಣಸೆ, ಬೆಲ್ಲ ಅರೆಯುತ್ತಿದ್ದ ಧನುಶ್ರೀ ಸಿಡುಕಿಬಿಟ್ಟಿದ್ದಳು: "ಒಂದು ಎಬ್ಬೆಟ್ಟು ಒತ್ತಕೂ ಆಗ್ನಿಲ್ವಾ ನಿಮ್ಗೆ? ಅದ್ಕೂ ನಾನೇ ಓಗ್ಬೇಕಾ?" ಈಗ ಮುದುಕಿ ಕೂತಲ್ಲಿಂದಲೇ ಕೇಳಿದಳು.

"ತುದಿ ಸಿಗ್ನಿಲ್ವಾ?"

"ಇಲ್ಲ ಕಣತ್ತೆ, ಜಾರ್ತದೆ. ಫೋನಲ್ಲಿ ಎಂಗ್ ತೋರ್ಸವ್ರೋ ಅಂಗೇ ಮಾಡ್ದೆ." ಧನುಶ್ರೀ ಹಾಳಾದ ಪಕ್ಕೆಯನ್ನು ಎತ್ತಿ ತೋರಿಸಿದಳು.

"ಆ ಚಾಕ ಅತ್ಲಾಗಿಡು. ಒಸಿ ಬಿಸ್ನೀರು ತಕಂಡ್ ಬಾ."

"ನೀವು ಮುಟ್ಟೀರಾ ಇದ್ನ?"

"ತಿನ್ನಕಿಲ್ಲ ಅಂದಿದ್ದು ಕಣವ್ವ. ಮುಟ್ಟಕಿಲ್ಲ ಅಂದ್ನಾ?"

ಒಲೆಯಿಂದಿಳಿಸಿದ ನೀರು ಇನ್ನೂ ಹಬೆಯಾಡುತ್ತಿತ್ತು. ತಣ್ಣೀರು ಬೆರೆಸುವಷ್ಟರಲ್ಲಿ ಮುದುಕಿ ಬೆರಳುಗಳನ್ನು ಅದರೊಳಗೆ ಅದ್ದಿಯೇಬಿಟ್ಟಳು. ಧನುಶ್ರೀ "ಅಯ್ಯೋ!" ಎಂದು ಕೂಗಿಕೊಂಡಳು. ಮುದುಕಿ ಮಾತ್ರ ಕೈ ತೊಳೆಯುವವಳಂತೆ ಸಾವಕಾಶವಾಗಿ ತೆಗೆದು ಕೊಡವಿದಳು. ಮಾಂಬಳ್ಳಿಯ ಶೆಡ್ಡೊಂದರಲ್ಲಿ ಮೂವತ್ತೊಂದು ವರ್ಷ ಅವಳು ರೇಷ್ಮೆಗೂಡು ಬಿಚ್ಚಿದ್ದಳು. ಸುಡುವ ನೀರಲ್ಲಿ ತೇಲುವ ಗೂಡಿನ ಮೇಲೆ ಬೆರಳಾಡಿಸಿ ಎಳೆಯ ತುದಿ ಹಿಡಿಯುವ ಕೆಲಸ. ಆ ತುದಿ ಕಣ್ಣಿಗೆ ಕಾಣುವಂಥದ್ದಲ್ಲ.

ಉಳಿದೊಂದು ಪಕ್ಕೆಯನ್ನು ಮೂಳೆ ಮೇಲಾಗಿ ಮಲಗಿಸಿಕೊಂಡು ಅವಳು ಕಣ್ಣು ಮುಚ್ಚಿದಳು. ಹೆಬ್ಬೆರಳು ಮೂಳೆಯಿಂದ ಮೂಳೆಗೆ ಮೆಲ್ಲಗೆ ಹೋಯಿತು. ಮೂರನೆಯದರ ಮೇಲೆ ನಿಂತಿತು, ಹಿಂದೆ ಬಂತು, ಮತ್ತೆ ನಿಂತಿತು. ಉಗುರು ತಾಗಿಸಲಿಲ್ಲ. ಬೆರಳ ತುದಿಯಿಂದ ಒಮ್ಮೆ ಹೊಸೆದಳು, ಅಷ್ಟೆ. ಏನೂ ಇರದಿದ್ದ ಜಾಗದಲ್ಲಿ ಬೆಳ್ಳನೆಯ ಒಂದು ಅಂಚು ಎದ್ದಿತು.

"ಎಳೀಬಾರ್ದು. ಎಳುದ್ರೆ ಕಿತ್ತೋಯ್ತದೆ. ಅದು ಬರೋ ದಾರಿಗೆ ನಾವು ಓಗ್ಬೇಕು" ಎಂದಳು, ಕಣ್ಣು ಮುಚ್ಚಿಕೊಂಡೇ.

ಪೊರೆ ಬಂತು. ಒಂದೊಂದೇ ಮೂಳೆಯನ್ನು ಬಿಟ್ಟುಕೊಟ್ಟು, ಎಲ್ಲೂ ತಡೆಯದೆ, ಈ ತುದಿಯಿಂದ ಆ ತುದಿಯವರೆಗೆ ಇಡಿಯಾಗಿ ಎದ್ದು ಬಂತು. ಮುದುಕಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಾಗ ಅದರಾಚೆಗೆ ಹೊಂಗೆಯ ಎಲೆಗಳು ಹಸಿರು ಹಸಿರಾಗಿ ಕಂಡವು. ಒಂದು ತೂತಿಲ್ಲ. ಕೆಳಗೆ ಮಾಂಸದ ಮೇಲೆ ಒಂದು ಗೀರಿಲ್ಲ. ಧನುಶ್ರೀಯ ಕಣ್ಣು ಪೊರೆಯಿಂದ ಅತ್ತೆಯ ಕೈಗೆ ಹೊರಳಿತು. ಐದು ವರ್ಷ ಈ ಕೈ ನೀಡಿದ ಕಾಫಿ ಕುಡಿದಿದ್ದಾಳೆ, ಈ ಕೈಯಿಂದ ತಲೆ ಬಾಚಿಸಿಕೊಂಡಿದ್ದಾಳೆ. ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಈಗ ಹಿಡಿದು ನೋಡಿದಳು. ಬೆರಳ ತುದಿಗಳು ಸುವರ್ಣಾವತಿ ಹೊಳೆಯ ಕಲ್ಲಿನಂತೆ ನುಣ್ಣಗಿದ್ದವು. ಒಂದರಲ್ಲೂ ಗೆರೆಯೇ ಇರಲಿಲ್ಲ.

"ಯಾವಾಗ ಅಳ್ಸೋದ್ವು ಅತ್ತೆ ಇವು?"

"ನೋಡ್ಕಂಡ್ ಕೂತಿದ್ದೋರ್ಯಾರು? ನಿನ್ ಗಂಡ ಇಸ್ಕೂಲ್‌ಗೆ ಓಗೋ ಹೊತ್ಗೇ ಅರ್ಧ ಓಗಿದ್ವು."

ಹೇಳಿದ ಹೊತ್ತಿಗೇ ಬಂದ ಗುರುಪ್ರಕಾಶ್ ಮೂಗಿಗೆ ಕರ್ಚೀಫು ಹಿಡಿದು ಎರಡು ಮಾರು ದೂರ ನಿಂತರು. ಧನುಶ್ರೀ ಪಕ್ಕೆಯನ್ನು ತಿರುಗಿಸಿ ತೋರಿಸಿದಳು. ಕರ್ಚೀಫು ತಾನಾಗಿ ಕೆಳಗಿಳಿಯಿತು. ಅವರು ಹತ್ತಿರ ಬಂದು, ಬಗ್ಗಿ, ಇನ್ನೊಮ್ಮೆ ನೋಡಿದರು.

"ಶನಿವಾರದಿಂದ್ಲೇ ಬಂದ್ಬಿಡಮ್ಮ" ಎಂದರು. ಆಮೇಲೆ ತಡೆಯಲಾರದೆ ಕೇಳಿದರು: "ಇಷ್ಟು ಕ್ಲೀನಾಗಿ ತೆಗ್ದಿದ್ದೀಯಲ್ಲ, ಯಾವ ಮಿಶನ್ನು ಇದು?"

ಧನುಶ್ರೀ ಅತ್ತೆಯ ಎರಡೂ ಕೈಗಳನ್ನು ಹಿಡಿದು ಅವರ ಮುಂದೆ ಅಂಗಾತ ಬಿಚ್ಚಿದಳು.

"ಮಿಶನ್ನಲ್ಲ ಸಾ. ಇವುನ್ನ ಬೆಳಿಗ್ಗೆ ಮಿಶನ್ನು ಗುರ್ತಿಸ್ನಿಲ್ಲ. ನಾನೂ ಗುರ್ತಿಸ್ನಿಲ್ಲ."