ಇವರ ಡೋಸ್ ಸ್ವಲ್ಪ ಇಳಿಸಿ

"ಇವರ ಇಂಜೆಕ್ಷನ್ ಡೋಸ್ ಸ್ವಲ್ಪ ಇಳಿಸೋಕಾಗುತ್ತಾ ಡಾಕ್ಟರ್?" ಗಂಡ ಸುದರ್ಶನ್ ಪರೀಕ್ಷೆಗೆ ರಕ್ತ ಕೊಡಲು ಪಕ್ಕದ ಕೋಣೆಗೆ ಹೋದದ್ದೇ ತಡ, ಇಳಾ ದನಿ ತಗ್ಗಿಸಿ ಕೇಳಿಬಿಟ್ಟಳು.

ಡಾಕ್ಟರ್ ಮಾರ್ಗರೆಟಾ ಕಂಪ್ಯೂಟರಿನಿಂದ ಮುಖವೆತ್ತಿದರು. "ಯಾಕೆ? ಕೀಲುನೋವಾ? ಕೈಕಾಲು ಊತ?"

"ಅದೇನಿಲ್ಲ. ವಾದ ಮಾಡ್ತಾರೆ."

ಹೋದ ವರ್ಷ, ತಾವು ನೆಲೆಸಿರುವ ವಿದೇಶದ ಊರಾದ ಲುಂಡ್‌ನ ಒದ್ದೆ ಕಲ್ಲುಹಾಸಿನ ಮೇಲೆ ಸೈಕಲ್ ಜಾರಿ ಬಿದ್ದ ಸುದರ್ಶನ್‌ಗೆ ಮೂಳೆ ಒಂದೂ ಮುರಿದಿರಲಿಲ್ಲ. ಏಟು ಬಿದ್ದದ್ದು ಮೆದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಗೆ. ಅದು ಹಾರ್ಮೋನು ಒಸರುವುದನ್ನು ನಿಲ್ಲಿಸಿತು. ಇವನು ಮಾತಾಡುವುದನ್ನು ನಿಲ್ಲಿಸಿದ. ಏನು ಕೇಳಿದರೂ "ಹೂಂ". ಅಡುಗೆಮನೆಗೆ ಗಿಳಿಹಸಿರು ಬಣ್ಣ ಹೊಡೆಸೋಣವೇ? ಹೂಂ. ಬೇಸಿಗೆ ರಜೆಗೆ ಅಕ್ಕನ ಸಂಸಾರವೆಲ್ಲ ಬರಲೇ? ಹೂಂ. "ಏನು ಪುಣ್ಯ ಮಾಡಿದ್ಯೇ," ಎಂದು ಅಕ್ಕ ಫೋನಿನಲ್ಲೇ ಕರುಬಿದ್ದಳು.

ಗ್ರೋತ್ ಹಾರ್ಮೋನಿನ ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಊಟಕ್ಕೆ ಕೂತವನು, "ಸಾರಿಗೆ ಬೆಲ್ಲ ಯಾಕೆ ಹಾಕ್ದೆ? ಈ ಗೋಡೆಗೆ ಈ ಬಣ್ಣ ಬಳಿದೋರು ಯಾರು?" ಎಂದ. ಅಂದಿನಿಂದ ಬಾಯಿ ಮುಚ್ಚಿಲ್ಲ.

ಡಾಕ್ಟರ್ ನಕ್ಕರು. "ಪಿಟ್ಯುಟರಿ ತೆಗೆದ ಇಲಿಗಳಿಗೆ ಗ್ರೋತ್ ಹಾರ್ಮೋನ್ ಕೊಟ್ಟಾಗ, ಮೆದುಳಲ್ಲಿ ಹೊಸದಾಗಿ ಹುಟ್ಟಿದ ಜೀವಕೋಶಗಳು ಹೆಚ್ಚು ಬದುಕಿದ್ದು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲೂ ಹಾಗೇ ಅಂತ ನಾನು ಹೇಳಲಾರೆ."

"ಇವರಲ್ಲಿ ಜಗಳದ ಕೋಶಗಳೇ ಬದುಕಿರೋ ಹಾಗಿದೆ."

"ಬೀಳೋಕೆ ಮುಂಚೆ ಹೇಗಿದ್ರು?"

ಇಳಾ ಯೋಚಿಸಿದಳು. ಹಸೆಮಣೆಯ ಮೇಲೆ ಕೂತು, ಮುಹೂರ್ತದ ಲೆಕ್ಕ ತಪ್ಪೆಂದು ಪುರೋಹಿತರ ಜೊತೆಗೇ ವಾದಕ್ಕಿಳಿದಿದ್ದ ಆಸಾಮಿ. "ಹೀಗೇ ಇದ್ರು," ಎಂದಳು.

"ಸ್ವಲ್ಪ ಇಳಿಸೋಕೆ ಜಾಗ ಇದೆ. ಬೇಕಾದ್ರೆ ಅವರನ್ನೂ ಕೇಳೋಣ. ಆದರೆ ಮತ್ತೆ ಮಂಕಾಗಬಹುದು."

ಇಳಾಗೆ ಫೆಬ್ರವರಿಯ ಒಂದು ದಿನ ನೆನಪಾಯಿತು. ಗೋಡೆಯ ಜೊತೆ ಮಾತಾಡಿದಂತಾಗಿ ಬೇಸತ್ತು, "ನಾನು ಬೆಂಗಳೂರಿಗೆ ಹೋಗ್ಬಿಡ್ತೀನಿ ರೀ. ವಾಪಸ್ ಬರಲ್ಲ," ಎಂದಿದ್ದಳು. ಕಿಟಕಿಯಾಚೆ ನೋಡುತ್ತಿದ್ದ ಸುದರ್ಶನ್ ಅದಕ್ಕೂ "ಹೂಂ" ಅಂದಿದ್ದ.

"ಬೇಡ ಡಾಕ್ಟರ್. ಇಷ್ಟೇ ಇರಲಿ."

ಅಷ್ಟರಲ್ಲಿ ಸುದರ್ಶನ್ ತೋಳಿನ ಹತ್ತಿ ಒತ್ತಿಕೊಂಡು, ನರ್ಸ್ ಸೂಜಿ ಚುಚ್ಚಿದ ಜಾಗ ಸರಿಯಿಲ್ಲವೆಂದು ಗೊಣಗುತ್ತ ಬಂದ. ಇಬ್ಬರೂ ಬೀದಿಗಿಳಿದರು.

"ಸ್ಟೇಶನ್ನಿಗೆ ಎಡಗಡೆಯಿಂದ ಹತ್ತಿರ," ಎಂದಳು ಇಳಾ, ಬಲಗಡೆಯೇ ಹತ್ತಿರವೆಂದು ಚೆನ್ನಾಗಿ ಗೊತ್ತಿದ್ದೂ.

"ಎಡಗಡೆನಾ? ಏನ್ ಮಾತಾಡ್ತೀಯ ಇಳಾ? ಇಷ್ಟು ವರ್ಷದಿಂದ ಈ ಊರಲ್ಲಿದೀವಿ, ದಿಕ್ಕು ಗೊತ್ತಾಗಲ್ವಾ ನಿಂಗೆ?"

ಅವಳು ಎಡಕ್ಕೇ ತಿರುಗಿದಳು. ಸೈಕಲ್ ಗಂಟೆಗಳ ಸದ್ದಿನ ನಡುವೆ ಅವನ ದನಿ ಏರುತ್ತ ಹಿಂದೆಯೇ ಬರತೊಡಗಿತು. ಎಲ್ಲಿ ಹಿಂದುಳಿದುಬಿಡುತ್ತದೋ ಎಂದು ಇಳಾ ಹೆಜ್ಜೆ ನಿಧಾನ ಮಾಡಿದಳು.